ಒಂದೇ ಬಗೆಯ ಎರಡು ಬೇಸ್: ಯಾವುದಕ್ಕೆ ಫ್ಲಾಟ್‌ವೌಂಡ್, ಯಾವುದಕ್ಕೆ ರೌಂಡ್‌ವೌಂಡ್?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಬೇಸ್ ಗಿಟಾರ್ ಇವೆ, ಎರಡೂ ಫೆಂಡರ್ ಕಂಪನಿಯ ಪ್ರಿಸಿಷನ್ ಮಾದರಿಯವು. 34 ಇಂಚಿನ ಸ್ಕೇಲ್ (ತಂತಿ ಕಂಪಿಸುವ ಉದ್ದ), ಮೇಪಲ್ ನೆಕ್ (ಬೆರಳಿಡುವ ಕತ್ತು), ಒಂದೇ ಬಗೆಯ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ). ಕಣ್ಣು ಮುಚ್ಚಿ ಕೇಳಿದರೆ ಯಾವುದು ಯಾವುದೆಂದು ನನಗೇ ಗೊತ್ತಾಗುವುದಿಲ್ಲ. ಎರಡರಲ್ಲೂ 45–105 ಅಳತೆಯ ರೌಂಡ್‌ವೌಂಡ್ (ಒಳಗಿನ ಎಳೆಗೆ ದುಂಡು ತಂತಿ ಸುತ್ತಿದ್ದು) ಇತ್ತು. ಒಂದಕ್ಕಾದರೂ ಬೇರೆ ದನಿ ಇರಲಿ ಅಂತ ಹಳೆಯ ಬೇಸ್‌ಗೆ ಅದೇ ಅಳತೆಯ ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ್ದು) ಹಾಕಿದೆ.

ಈಗ ಮೂರು ತೊಂದರೆ. ತಂತಿಗಳು ಫ್ರೆಟ್‌ನಿಂದ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಮೇಲೆದ್ದಿವೆ, ಐದನೇ ಫ್ರೆಟ್ ದಾಟಿದರೆ ಒತ್ತಿ ಒತ್ತಿ ಬೆರಳು ನೋಯುತ್ತದೆ. ಎ (A) ತಂತಿ ಸತ್ತ ಹಾಗಿದೆ: ಮೀಟಿದರೆ ‘ಧಪ್’ ಅಂದು ಅಲ್ಲೇ ನಿಲ್ಲುತ್ತದೆ, 12ನೇ ಫ್ರೆಟ್‌ನಲ್ಲಿ ಶ್ರುತಿ ಏರುತ್ತದೆ. ಡ್ರಮ್ಸ್ ಜೊತೆ ನುಡಿಸಿದರೆ ಬೇಸ್ ಎಲ್ಲಿದೆ ಅಂತ ಹುಡುಕಬೇಕು. ಫ್ಲಾಟ್‌ವೌಂಡ್ ಈ ಬೇಸ್‌ಗೆ ಒಗ್ಗುವುದಿಲ್ಲವೇ? ಬಿಚ್ಚಿ ಇನ್ನೊಂದಕ್ಕೆ ಹಾಕಲೇ?

ಉತ್ತರ 1

ಬಿಚ್ಚಬೇಡಿ. ನೀವು ಇನ್ನೂ ಫ್ಲಾಟ್‌ವೌಂಡ್ ಕೇಳಿಯೇ ಇಲ್ಲ, ಸೆಟಪ್ ತಪ್ಪಿದ ಬೇಸ್ ಕೇಳುತ್ತಿದ್ದೀರಿ ಅಷ್ಟೆ.

45–105 ಅನ್ನುವುದು ತೆಳು ತಂತಿಯಿಂದ ದಪ್ಪ ತಂತಿಯವರೆಗಿನ ದಪ್ಪ ಮಾತ್ರ (ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ), ಬಿಗಿ ಅಲ್ಲ. ರೌಂಡ್‌ವೌಂಡ್‌ನಲ್ಲಿ ದುಂಡು ತಂತಿ ಸುತ್ತಿರುವುದರಿಂದ ಸುತ್ತು ಸುತ್ತಿನ ನಡುವೆ ಸಣ್ಣ ಸಣ್ಣ ಸಂದು ಉಳಿಯುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಸುತ್ತಿರುವುದು ಚಪ್ಪಟೆ ಪಟ್ಟಿ, ಸಂದು ಇಲ್ಲವೇ ಇಲ್ಲ. ಹಾಗಾಗಿ ಅಷ್ಟೇ ದಪ್ಪದಲ್ಲಿ ಲೋಹ ಹೆಚ್ಚು, ತೂಕ ಹೆಚ್ಚು. ತೂಕದ ತಂತಿಯನ್ನು ಅದೇ ಶ್ರುತಿಗೆ ಏರಿಸಲು ಹೆಚ್ಚು ಎಳೆಯಬೇಕು. ಆ ಎಳೆತಕ್ಕೆ ನಿಮ್ಮ ನೆಕ್ ಮುಂದಕ್ಕೆ ಬಾಗಿದೆ. ಎಲ್ಲ ಫ್ಲಾಟ್‌ವೌಂಡ್ ಹೀಗೇ ಅಂತಲ್ಲ. ಥೋಮಾಸ್ಟಿಕ್-ಇನ್‌ಫೆಲ್ಡ್‌ನ 43–100 ಸೆಟ್ ಬೆರಳಿಗೆ ಎಷ್ಟು ಸಡಿಲ ಅನ್ನಿಸುತ್ತದೆಂದರೆ ಮೊದಲ ಸಲ ಹಾಕಿದವರು ಶ್ರುತಿ ಇಳಿದಿದೆಯೇನೋ ಅಂದುಕೊಳ್ಳುತ್ತಾರೆ.

ಇ (E, ಎಲ್ಲಕ್ಕಿಂತ ದಪ್ಪ) ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ ಬಾಡಿಗೆ ಸೇರುವ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಅಂದರೆ ಸುಮಾರು 0.3 ಮಿ.ಮೀ. ಸಂದು ಸಾಕು. ಜಾಸ್ತಿ ಇದ್ದರೆ ತಂತಿ ಸ್ವಲ್ಪ ಸಡಿಲಿಸಿ, ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿ ಮಾಡಿ, ಒಂದು ರಾತ್ರಿ ಬಿಡಿ. ಒಂದೇ ಸಲ ಪೂರ್ತಿ ಸುತ್ತಬೇಡಿ. ರಾಡ್ ಹಟ ಹಿಡಿದರೆ ನಿಲ್ಲಿಸಿ, ರಿಪೇರಿಯವರಿಗೆ ಕೊಡಿ.

ಉತ್ತರ 2

ಎ ತಂತಿಯ ಬಗ್ಗೆ: ಹಾಕುವಾಗ ತಂತಿ ತಿರುಚಿಕೊಂಡಿರಬಹುದು. ಫ್ಲಾಟ್‌ವೌಂಡ್‌ಗೆ ಇದು ಆಗಲೇಬಾರದು. ತಂತಿ ಸಡಿಲಿಸಿ, ಬಿರಡೆಯ ರಂಧ್ರದಿಂದ ತುದಿ ಹೊರತೆಗೆದು ತಾನಾಗಿ ಬಿಚ್ಚಿಕೊಳ್ಳಲು ಬಿಡಿ. ಮತ್ತೆ ಸುತ್ತುವಾಗ ತುದಿಯ ರೇಷ್ಮೆ ದಾರ ಬಿರಡೆಯ ಕಡೆಯೇ ಇರಲಿ, ನಟ್ (ಬಿರಡೆಗಳ ಕಡೆ ತಂತಿ ಕೂರುವ ಕಚ್ಚಿನ ಪಟ್ಟಿ) ಮೇಲೆ ಬರಬಾರದು.

ಇನ್ನೊಂದು ಕೆಲಸ ಎಲ್ಲರೂ ಮರೆಯುತ್ತಾರೆ. ಫ್ಲಾಟ್‌ವೌಂಡ್ ಗಡುಸು, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ದಾಟುವಾಗ ಕಮಾನಿನ ಹಾಗೆ ಉಬ್ಬಿ ನಿಲ್ಲುತ್ತದೆ. ಸ್ಯಾಡಲ್‌ನ ಮುಂದೆಯೇ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ, ಅಲ್ಲಿ ಸ್ಪಷ್ಟವಾದ ಬಾಗು ಬರಲಿ. ನಟ್ ಹತ್ತಿರವೂ ಹಾಗೇ ಮಾಡಿ. 12ನೇ ಫ್ರೆಟ್ ಶ್ರುತಿಯನ್ನು ಇದಾದ ಮೇಲೇ ನೋಡಿ. ಆಗಲೂ ಏರುತ್ತಿದ್ದರೆ ಸ್ಯಾಡಲ್ ಹಿಂದಕ್ಕೆ ಸರಿಸಿ.

ಪ್ರಶ್ನೆ ಕೇಳಿದವರು

ಮೂರು ದಿನವಾಯಿತು. ಸಂದು 0.7 ಮಿ.ಮೀ. ಇತ್ತು! ಕಾಲು ಸುತ್ತಿನಂತೆ ಎರಡು ಸಲ ಬಿಗಿ ಮಾಡಿದೆ, ಈಗ 0.3ಕ್ಕೆ ಬಂದಿದೆ. ಎ ತಂತಿಯ ತುದಿ ಹೊರತೆಗೆದ ಕೂಡಲೇ ಕೈಯಲ್ಲೇ ಗರಗರ ಒಂದೂವರೆ ಸುತ್ತು ತಿರುಗಿತು, ನೋಡಿ ಬೆಚ್ಚಿದೆ. ತಿರುಚು ಬಿಟ್ಟು ಮತ್ತೆ ಹಾಕಿದ ಮೇಲೆ ನಾದ ಬೇಗ ಅಡಗದೆ ಉಳಿಯುತ್ತಿದೆ. ಡ್ರಮ್ಸ್ ಜೊತೆ ಮಾತ್ರ ಈಗಲೂ ಮುಳುಗಿಹೋಗುತ್ತದೆ.

ಉತ್ತರ 3

ಆಂಪ್‌ನಲ್ಲಿ ಬೇಸ್ ನಾಬ್ ಏರಿಸಿದ್ದೀರಾ? ಹಾಗಿದ್ದರೆ ಇಳಿಸಿ, ಮಿಡ್ (ನಡುವಿನ ಸ್ಥಾಯಿಯ ನಾಬ್) ಏರಿಸಿ. ರೌಂಡ್‌ವೌಂಡ್‌ನಲ್ಲಿ ಬೆರಳು ತಾಗಿದ ಕಣಕಣ ಸದ್ದೇ ಕಿವಿಗೆ ‘ಇಲ್ಲಿ ಬೇಸ್ ಇದೆ’ ಅಂತ ತೋರಿಸುತ್ತದೆ. ಫ್ಲಾಟ್‌ವೌಂಡ್‌ನಲ್ಲಿ ಅದಿಲ್ಲ, ಮಿಡ್ ಆ ಕೆಲಸ ಮಾಡಬೇಕು. 700–800 ಹರ್ಟ್ಸ್ ಸುತ್ತಮುತ್ತ ಸ್ವಲ್ಪ ಎತ್ತಿ ನೋಡಿ.

ಒಂಟಿಯಾಗಿ ಕೇಳಿ ತೀರ್ಮಾನ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್‌ನಲ್ಲಿ ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೌಂಡ್ ಹಾಕಿ, ಬ್ರಿಡ್ಜ್ ಮುಚ್ಚಳದ ಕೆಳಗೆ ಸ್ಪಂಜು ಇಟ್ಟು ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಗೆ ನುಡಿಸಿದರು. ಆ ರೆಕಾರ್ಡಿಂಗ್‌ಗಳಲ್ಲಿ ಅವರ ಒಂದು ಸ್ವರವೂ ಕಳೆದುಹೋಗುವುದಿಲ್ಲ. 1951ರಲ್ಲಿ ಪ್ರಿಸಿಷನ್ ಬಂದಾಗ ರೌಂಡ್‌ವೌಂಡ್ ಬೇಸ್ ತಂತಿ ಬಳಕೆಯಲ್ಲೇ ಇರಲಿಲ್ಲ. ಪಿಯಾನೊದ ಹಾಗೆ ಝಣಝಣಿಸುವ ಬೇಸ್ ಬೇಕೆಂದು ‘ದಿ ಹೂ’ ಬ್ಯಾಂಡ್‌ನ ಜಾನ್ ಎಂಟ್‌ವಿಸಲ್ ತಂತಿ ಕಂಪನಿ ರೋಟೋಸೌಂಡ್ ಜೊತೆ ಕೂತು ತಂತಿ ಮಾಡಿಸಿದ್ದು 1960ರ ದಶಕದಲ್ಲಿ.

ಉತ್ತರ 4

ಎರಡೂ ಬೇಕೆಂದರೆ ಹಾಫ್‌ರೌಂಡ್ ಹಾಕಬಹುದಲ್ಲ? ರೌಂಡ್‌ವೌಂಡ್‌ನ ಮೇಲ್ಮೈಯನ್ನೇ ಉಜ್ಜಿ ನುಣುಪು ಮಾಡಿರುತ್ತಾರೆ.

ಉತ್ತರ 1

ಒಂದೇ ಬೇಸ್ ಇದ್ದವರಿಗೆ ಅದು ಒಳ್ಳೆಯ ದಾರಿ. ಎರಡಿರುವಾಗ ನಡುವಿನದು ಯಾಕೆ? ಎರಡೂ ಮತ್ತೆ ಹತ್ತಿರ ಹತ್ತಿರ ಕೇಳಿಸುತ್ತವೆ. ಇವರು ಹೊರಟಿದ್ದೇ ಅದನ್ನು ತಪ್ಪಿಸಲು.

ಯಾವ ಬೇಸ್‌ಗೆ ಯಾವುದು ಅನ್ನುವುದನ್ನು ದನಿ ನೋಡಿ ಆರಿಸಬೇಡಿ, ದನಿ ಎರಡಕ್ಕೂ ಒಂದೇ. ಫ್ರೆಟ್ ನೋಡಿ. ಯಾವುದರ ಫ್ರೆಟ್ ಹೆಚ್ಚು ಸವೆದಿದೆಯೋ ಅದಕ್ಕೆ ಫ್ಲಾಟ್‌ವೌಂಡ್, ಅದು ರೌಂಡ್‌ವೌಂಡ್‌ನ ಹಾಗೆ ಅರದಂತೆ ತೇಯುವುದಿಲ್ಲ. ಜೊತೆಗೆ, ಟ್ರಸ್ ರಾಡ್ ಇನ್ನೂ ಬಿಗಿಯಲು ಎಡೆ ಇರಬೇಕು. ನೀವು ಸಿಕ್ಕಾಪಟ್ಟೆ ನುಡಿಸುವ, ಸ್ಲ್ಯಾಪ್ ಮಾಡುವ (ಹೆಬ್ಬೆರಳಿನಿಂದ ತಂತಿ ಬಡಿಯುವ) ಬೇಸ್‌ಗೆ ರೌಂಡ್‌ವೌಂಡ್ ಉಳಿಸಿ. ಅದರ ತೀಕ್ಷ್ಣತೆಯನ್ನು ಟೋನ್ ನಾಬ್ ತಿರುಗಿಸಿ ತಗ್ಗಿಸಬಹುದು, ಫ್ಲಾಟ್‌ವೌಂಡ್‌ನಲ್ಲಿ ಇಲ್ಲದ ತೀಕ್ಷ್ಣತೆಯನ್ನು ಯಾವ ನಾಬ್ ತರುತ್ತದೆ?

ಒಮ್ಮೆ ಹಾಕಿದ ಮೇಲೆ ಅದಲು ಬದಲು ಮಾಡುತ್ತಿರಬೇಡಿ. ಬಿರಡೆಗೆ ಸುತ್ತಿದ ಜಾಗದಲ್ಲಿ ಫ್ಲಾಟ್‌ವೌಂಡ್ ಮುರುಟಿರುತ್ತದೆ, ಮತ್ತೆ ಮತ್ತೆ ಬಗ್ಗಿಸಿದರೆ ಪಟ್ಟಿ ಬಿರಿಯುತ್ತದೆ. ಹೊಸ ಫ್ಲಾಟ್‌ವೌಂಡ್‌ನ ದನಿಯಲ್ಲಿ ಲೋಹದ ಝಣಝಣವೂ ಸ್ವಲ್ಪ ಇರುತ್ತದೆ, ಕೆಲವು ವಾರ ನುಡಿಸಿದ ಮೇಲೆ ನಿಜವಾದ ದನಿ ಬರುತ್ತದೆ.

ಪ್ರಶ್ನೆ ಕೇಳಿದವರು

ಸವೆದಿರುವುದು ಹಳೆಯದರ ಫ್ರೆಟ್‌ಗಳೇ, ಮೊದಲ ಐದರಲ್ಲಿ ಉಗುರು ಸಿಕ್ಕುವಷ್ಟು ಗುಳಿ. ಹಾಗಾದರೆ ಫ್ಲಾಟ್‌ವೌಂಡ್ ಅಲ್ಲೇ ಇರಲಿ. ನಿನ್ನೆ ಮಿಡ್ ಏರಿಸಿ ನುಡಿಸಿದೆ. ಡ್ರಮ್ಸ್ ನುಡಿಸುವ ಗೆಳೆಯ ನಡುವೆ ಕೈ ನಿಲ್ಲಿಸಿ “ಬೇಸ್ ಬದಲಾಯಿಸಿದೆಯಾ?” ಅಂದ. ಒಂದೇ ಉಳಿದಿದೆ: ಇ ತಂತಿ ಉಳಿದ ಮೂರಕ್ಕಿಂತ ಮೆತ್ತಗೆ ಕೇಳಿಸುತ್ತದೆ.

ಉತ್ತರ 2

ಪ್ರಿಸಿಷನ್ ಪಿಕಪ್ ಎರಡು ತುಂಡು. ಇ, ಎ ಕಡೆಯ ತುಂಡನ್ನು ಸ್ಕ್ರೂ ಅರ್ಧರ್ಧ ಸುತ್ತು ತಿರುಗಿಸುತ್ತ ಮೇಲೆತ್ತಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿ ಪಿಕಪ್‌ಗೆ ತಾಗಬಾರದು.