ವಯಸ್ಸಾದ ನಾಯಿಗೆ ಊಟ ಕಮ್ಮಿ ಮಾಡಿದರೆ ಮರೆವು ಕಮ್ಮಿ ಆಗುತ್ತಾ?

ಶಿರಸಿ ಸುಮಾ:
ನಮ್ಮ ಜಿಮ್ಮಿಗೆ ಹನ್ನೆರಡೂವರೆ ವರ್ಷ. ಲ್ಯಾಬ್ರಡಾರ್. 38 ಕೆಜಿ ಇದ್ದಾನೆ, ಜಾಸ್ತಿನೇ. ಅಮ್ಮ ಹುಯ್ಯುವ ಮೊದಲ ದೋಸೆ ಅವನಿಗೇ ಮೀಸಲು. ಎರಡು ತಿಂಗಳಿಂದ ನಡುರಾತ್ರಿ ಎದ್ದು ಮನೆ ತುಂಬ ಓಡಾಡುತ್ತಾನೆ. ಮೊನ್ನೆ ಹೊರಗೆ ಹೋಗಲು ಬಾಗಿಲ ಹತ್ತಿರ ನಿಂತಿದ್ದ. ಆದರೆ ತೆರೆಯುವ ಕಡೆ ಅಲ್ಲ, ಬಿಜಾಗರಿ ಇರುವ ಮೂಲೆಗೆ ಮೂಗು ಒತ್ತಿಕೊಂಡು. ಹನ್ನೆರಡು ವರ್ಷ ಓಡಾಡಿದ ಬಾಗಿಲು ಅದು. ನೋಡಿ ಹೊಟ್ಟೆ ಚುರುಕ್ ಅಂತು.

ಊಟ ಅರ್ಧ ಮಾಡಿದರೆ ನೆನಪು ಚುರುಕಾಗುತ್ತದೆ, ಇಲಿಗಳಲ್ಲಿ ಸಾಬೀತಾಗಿದೆ ಅಂತ ಅಣ್ಣ ಹೇಳುತ್ತಾನೆ. ನಾಳೆಯಿಂದ ಅರ್ಧ ಮಾಡಲಾ?

ಕರಿಯನ ಯಜಮಾನ:
ಒಂದೇ ಹೊತ್ತು ಹಾಕಿ ನೋಡಿ. ಅಮೆರಿಕದಲ್ಲಿ ಸಾವಿರಾರು ಸಾಕುನಾಯಿಗಳ ಮಾಹಿತಿ ಕಲೆಹಾಕಿ 2022ರಲ್ಲಿ ಪ್ರಕಟಿಸಿದ್ದರು. ದಿನಕ್ಕೆ ಒಂದೇ ಸಲ ತಿನ್ನುವ ನಾಯಿಗಳಲ್ಲಿ ಮರೆವಿನ ಲಕ್ಷಣ ಕಮ್ಮಿ ಇತ್ತು. ನಮ್ಮ ಕರಿಯನಿಗೂ ಒಂದೇ ಹೊತ್ತು. ಹದಿನಾಲ್ಕಾದರೂ ಪೇಪರ್ ಹುಡುಗನನ್ನು ಮರೆತಿಲ್ಲ, ದಿನಾ ಅಟ್ಟಿಸಿಕೊಂಡು ಹೋಗುತ್ತಾನೆ.

ಇಲಿಮನೆ:
ಸುಮಾ ಅವರೇ, ಅರ್ಧ ಮಾತ್ರ ಮಾಡಬೇಡಿ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಒಂಬತ್ತು ವರ್ಷ ಇಲಿ ನೋಡಿಕೊಂಡವನು. ವಿಜ್ಞಾನಿ ಅಲ್ಲ. ಪಂಜರ ತೊಳೆದು, ಪೆಲೆಟ್ ತೂಗಿ ಹಾಕುವ ಕೆಲಸ. ನಿಮ್ಮ ಅಣ್ಣ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಮ್ಮಿ ತಿನ್ನುವ ಇಲಿ ಜಾಸ್ತಿ ದಿನ ಬದುಕುತ್ತದೆ ಅಂತ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೆಕೇ ಅನ್ನುವವರು 1935ರಲ್ಲೇ ತೋರಿಸಿದ್ದರು. ನೆನಪಿನ ವಿಷಯ ಮಾತ್ರ ಅಷ್ಟು ಸಲೀಸಲ್ಲ.

ಹಸಿದ ಇಲಿ ನೋಡೋಕೆ ಬಲು ಚುರುಕು. ನನ್ನ ಟ್ರಾಲಿಯ ಒಂದು ಚಕ್ರ ಕಿರ್ ಅನ್ನುತ್ತಿತ್ತು. ಆ ಸದ್ದು ಕಾರಿಡಾರಿನಲ್ಲಿ ಕೇಳುವುದಕ್ಕೂ ಮೊದಲೇ, ಊಟದ ಹೊತ್ತು ಹತ್ತಿರ ಬಂತು ಅಂದರೆ ಸಾಕು, ಕಮ್ಮಿ ಊಟದವು ಮುಂಗಾಲು ಸರಳಿನ ಮೇಲಿಟ್ಟು ನಿಂತಿರುತ್ತಿದ್ದವು. ಹೊಟ್ಟೆ ತುಂಬ ತಿನ್ನುವವು ಮೂಲೆಯಲ್ಲಿ ರಾಶಿ ಬಿದ್ದು ನಿದ್ದೆ. ನೋಡಲು ಬಂದವರೆಲ್ಲ "ಎಷ್ಟು ಬುದ್ಧಿ ನೋಡಿ" ಅನ್ನುತ್ತಿದ್ದರು. ಬುದ್ಧಿಯೋ, ಹಸಿವೋ? ತಿಂಡಿ ಹುಡುಕುವ ಪರೀಕ್ಷೆ ಇಟ್ಟರೆ ಹಸಿದದ್ದು ಓಡೇ ಓಡುತ್ತದೆ ಅಲ್ವಾ.

ಅದಕ್ಕೇ ನೆನಪಿನ ಪರೀಕ್ಷೆಗೆ ನೀರಿನ ತೊಟ್ಟಿ. ದುಂಡನೆಯ ತೊಟ್ಟಿ, ಬೆಳ್ಳಗೆ ಕದಡಿದ ನೀರು, ಒಂದು ಕಡೆ ನೀರಿನೊಳಗೆ ಕಾಣದ ಹಾಗೆ ಒಂದು ಪುಟ್ಟ ಕಟ್ಟೆ. ತಿಂಡಿಯ ಆಸೆ ಇಲ್ಲ. ಗೋಡೆಯ ಮೇಲಿನ ಗುರುತು ನೋಡಿಕೊಂಡು ಕಟ್ಟೆ ಎಲ್ಲಿತ್ತು ಅಂತ ನೆನಪಿಡಬೇಕು. ಎಳೆಯವು ನಾಲ್ಕೈದು ದಿನದಲ್ಲಿ ನೇರ ಈಜುತ್ತವೆ. ಮುದಿಯವು ಎಷ್ಟೋ ಸಲ ಅಂಚು ಹಿಡಿದು ಸುತ್ತುತ್ತಲೇ ಇರುತ್ತವೆ. ನಿಮ್ಮ ಜಿಮ್ಮಿ ಬಿಜಾಗರಿ ಹತ್ತಿರ ನಿಂತ ಅಂದಾಗ ನನಗೆ ಅದೇ ಕಣ್ಣಿಗೆ ಬಂತು. ಜೀವನಪೂರ್ತಿ ಕಮ್ಮಿ ತಿಂದ ಮುದಿ ಇಲಿಗಳು ಇದರಲ್ಲಿ ಚೆನ್ನಾಗಿ ಮಾಡಿದ ಪ್ರಯೋಗಗಳಿವೆ, ವ್ಯತ್ಯಾಸವೇ ಕಾಣದ ಪ್ರಯೋಗಗಳೂ ಇವೆ.

ಇನ್ನೊಂದು ವಿಚಿತ್ರ. ಮೌಸ್ ಲೀಮರ್ ಅಂತ ಮಡಗಾಸ್ಕರ್‌ನ ಪುಟ್ಟ ಪ್ರಾಣಿ, ನಮ್ಮ ಕಾಡುಪಾಪದ ಹಾಗೆ ದೊಡ್ಡ ಕಣ್ಣು. ಫ್ರಾನ್ಸ್‌ನಲ್ಲಿ ಅದಕ್ಕೆ ಊಟ 30% ಕಮ್ಮಿ ಮಾಡಿದರು. 2018ರ ವರದಿ ಪ್ರಕಾರ ಸರಾಸರಿ ಆಯಸ್ಸು 6.4 ವರ್ಷದಿಂದ 9.6ಕ್ಕೆ ಹೋಯಿತು. ಆದರೆ ಮಿದುಳಿನ ಬೂದು ಭಾಗ, ಅಂದರೆ ನರಕೋಶಗಳು ತುಂಬಿರುವ ಭಾಗ, ಇನ್ನೂ ಬೇಗ ಸವೆಯಿತು! ಹಾಗಂತ ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬೀಳಲೂ ಇಲ್ಲ, ಮುಂದೆ ಹೋಗಲೂ ಇಲ್ಲ.

ನಿಮ್ಮವನ ಜಾತಿಯದೇ ಪ್ರಯೋಗವೂ ಇದೆ. 48 ಲ್ಯಾಬ್ರಡಾರ್ ಮರಿ, ಜೋಡಿ ಜೋಡಿ. ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25% ಕಮ್ಮಿ. ಕಮ್ಮಿ ತಿಂದವು 13 ವರ್ಷದ ಹತ್ತಿರ ಬದುಕಿದವು, ಉಳಿದವು 11.2. ಕೀಲುನೋವೂ ತಡವಾಗಿ ಬಂತು. ಆದರೆ ಅವಕ್ಕೆ ಎಂಟು ವಾರದ ಮರಿಯಿಂದಲೇ ಊಟ ಕಮ್ಮಿ. ಹನ್ನೆರಡೂವರೆಗೆ ಶುರು ಮಾಡಿದ್ದಲ್ಲ.

ಕರಿಯನ ಯಜಮಾನರೇ, ನೀವು ಹೇಳಿದ್ದು ಬರೀ ಸಮೀಕ್ಷೆ. ಕಾಯಿಲೆ ನಾಯಿಗೆ ಯಜಮಾನರೇ ಸ್ವಲ್ಪ ಸ್ವಲ್ಪ, ಮೂರು ಸಲ ಹಾಕುತ್ತಾರೆ. ಆಗ ಯಾವುದು ಕಾರಣ, ಯಾವುದು ಪರಿಣಾಮ?

ಮುದಿ ನಾಯಿಗೆ ಏಕಾಏಕಿ ಅರ್ಧ ಮಾಡಿದರೆ ಬೊಜ್ಜಿನ ಜೊತೆ ತೊಡೆಯ ಮಾಂಸವೂ ಇಳಿಯುತ್ತದೆ. ಹಸಿವಿಗೇ ರಾತ್ರಿ ಎದ್ದು ಓಡಾಡುತ್ತದೆ, ನೀವು ಮರೆವು ಜಾಸ್ತಿ ಆಯಿತು ಅಂದುಕೊಳ್ಳುತ್ತೀರಿ. ಮೊದಲು ಕಣ್ಣು, ಕಿವಿ, ಮೂತ್ರ, ಥೈರಾಯ್ಡ್ ನೋಡಿಸಿ. ತೂಕ ನಿಧಾನಕ್ಕೆ ಇಳಿಸಿ, ಡಾಕ್ಟರ್ ಹೇಳಿದ ಅಳತೆಯಲ್ಲಿ. ದಿನಾ ಏನೇನು ತಿನ್ನುತ್ತಾನೆ ಅಂತ ಒಂದು ವಾರ ತೂಗಿ ಬರೆದಿಡಿ.

ಶಿರಸಿ ಸುಮಾ:
ತುಂಬ ಥ್ಯಾಂಕ್ಸ್. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ಅಮ್ಮನ ಒಂದು ದೋಸೆ 85 ಗ್ರಾಂ, ತುಪ್ಪ ಬಿಟ್ಟು. ಒಂದಲ್ಲ, ಮೂರು ಹಾಕುತ್ತಿದ್ದಳಂತೆ. ಇವತ್ತು ಗೊತ್ತಾಯಿತು.