ಖಾಲಿ ಸೈಕಲ್ ಟ್ರ್ಯಾಕ್ ವಿಡಿಯೊ: ಮನೆ ಗ್ರೂಪಿನ ಚರ್ಚೆ

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) ಸೈಕಲ್ ಟ್ರ್ಯಾಕ್ ನೋಡಿ. ಒಬ್ಬನಾದರೂ ತುಳಿಯುತ್ತಿದ್ದಾನಾ? ಸುಮ್ನೆ ರಸ್ತೆ ಕಿರಿದು ಮಾಡಿ ದುಡ್ಡು ಹಾಳು.

ನಾನು: ಕೊನೆಯವರೆಗೂ ನೋಡಿದೆ ಚಿಕ್ಕಪ್ಪ. ಕಂಬದ ನೆರಳು ಬುಡದಲ್ಲೇ ಇದೆ, ಅಂದರೆ ನಡುಮಧ್ಯಾಹ್ನ ತೆಗೆದದ್ದು. ಆಫೀಸಿಗೆ ಹೋಗುವ ಹೊತ್ತಲ್ಲ. ಅದಿರಲಿ, ಟ್ರ್ಯಾಕ್ ಎಲ್ಲಿ ಮುಗಿಯುತ್ತದೆ ನೋಡಿದಿರಾ? ಮಧ್ಯೆ ಒಂದು ಕಾರು ನಿಂತಿದೆ. ಅದನ್ನು ದಾಟಿದರೆ ದೊಡ್ಡ ಸರ್ಕಲ್. ಅಲ್ಲಿಗೆ ಟ್ರ್ಯಾಕ್ ಮಾಯ. ಸೈಕಲ್‌ನವರಿಗೆ ಅಪಾಯ ಜಾಸ್ತಿ ಇರುವುದೇ ಜಂಕ್ಷನ್‌ಗಳಲ್ಲಿ. ಅಲ್ಲೇ ಕೈಬಿಟ್ಟರೆ ಯಾರು ಬರುತ್ತಾರೆ? ಅರ್ಧ ಹೊಳೆಗೆ ಸೇತುವೆ ಕಟ್ಟಿ, ಯಾರೂ ದಾಟುತ್ತಿಲ್ಲ ಅಂದ ಹಾಗಾಯಿತು.

ಭಾವ: ಪೂರ್ತಿ ಕಟ್ಟಿದರೂ ಅಷ್ಟೇ. ಇಂಗ್ಲೆಂಡಿನ ಸ್ಟೀವನೇಜ್‌ನಲ್ಲಿ ಊರು ತುಂಬಾ ಬೇರೆಯೇ ಸೈಕಲ್ ದಾರಿ ಇದೆ, ಅಂಡರ್‌ಪಾಸ್ ಸಮೇತ. ಜನ ಕಾರನ್ನೇ ಹಿಡಿದರು.

ನಾನು: ಹೌದು ಭಾವ. ಆದರೆ ಅಲ್ಲಿ ಕಾರಿಗೂ ಅಗಲವಾದ, ಸರಾಗ ರಸ್ತೆ ಕೊಟ್ಟರು. ಪಾರ್ಕಿಂಗೂ ಸಲೀಸು. ಕಾರು ಅಷ್ಟು ಸುಲಭವಾದರೆ ಸೈಕಲ್ ಯಾಕೆ ತೆಗೆಯುತ್ತಾರೆ? ಸ್ಪೇನ್‌ನ ಸೆವಿಲ್ ನೋಡಿ. 2006ರ ಸುಮಾರಿಗೆ ಶುರು ಮಾಡಿ, ಒಂದೆರಡು ವರ್ಷದಲ್ಲೇ ಸುಮಾರು 80 ಕಿ.ಮೀ. ಟ್ರ್ಯಾಕ್ ಮಾಡಿದರು. ಒಂದಕ್ಕೊಂದು ಸೇರಿಕೊಂಡದ್ದು, ವಾಹನಗಳಿಂದ ಬೇರ್ಪಟ್ಟದ್ದು. ಸೈಕಲ್ ಓಡಾಟ ಹಲವು ಪಟ್ಟು ಹೆಚ್ಚಿತು.

ಚಿಕ್ಕಪ್ಪ: ಯೂರೋಪಿನವರ ಹವೆ ತಂಪು. ಅಭ್ಯಾಸವೂ ಮೊದಲಿನಿಂದ ಇದೆ.

ನಾನು: ಸೆವಿಲ್ ಬೇಸಿಗೆ 40 ಡಿಗ್ರಿ ದಾಟುತ್ತದೆ ಚಿಕ್ಕಪ್ಪ. ಅಭ್ಯಾಸದ ಮಾತಿಗೆ ಬಂದರೆ, ನೆದರ್‌ಲೆಂಡ್ಸ್‌ನಲ್ಲೂ 1960ರ ದಶಕದಲ್ಲಿ ಕಾರು ಹೆಚ್ಚಿ ಸೈಕಲ್ ಇಳಿಯುತ್ತಾ ಹೋಗಿತ್ತು. 1971ರಲ್ಲಿ ಒಂದೇ ವರ್ಷ 400ಕ್ಕೂ ಹೆಚ್ಚು ಮಕ್ಕಳು ರಸ್ತೆಯಲ್ಲಿ ಸತ್ತರು. ಅಪ್ಪ ಅಮ್ಮಂದಿರು ಬೀದಿಗಿಳಿದರು. ಹೇಗ್, ಟಿಲ್‌ಬರ್ಗ್‌ನಲ್ಲಿ ಮೊದಲು ಒಂದೊಂದೇ ಒಳ್ಳೆಯ ದಾರಿ ಮಾಡಿ ನೋಡಿದರು. ಹೊಸಬರು ಅಷ್ಟಾಗಿ ಬರಲಿಲ್ಲ. 1980ರ ದಶಕದಲ್ಲಿ ಡೆಲ್ಫ್ಟ್‌ನಲ್ಲಿ ಊರಿಡೀ ದಾರಿಗಳನ್ನು ಜೋಡಿಸಿದಾಗ ಸೈಕಲ್ ಬಳಕೆ ಏರಿತು. ಒಂದು ತುಂಡು ದಾರಿ ನೋಡಿ ತೀರ್ಪು ಕೊಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಅಕ್ಕ: ನನಗೂ ಸೈಕಲ್‌ನಲ್ಲಿ ಆಫೀಸಿಗೆ ಹೋಗುವ ಆಸೆ ಇದೆ ಕಣೋ. ಆದರೆ ಬಿಳಿ ಗೆರೆ ಎಳೆದ ಮಾತ್ರಕ್ಕೆ ಲಾರಿ ದೂರ ಸರಿಯುತ್ತದಾ? ಬೆನ್ನ ಹಿಂದೆ ಹಾರ್ನ್ ಹೊಡೆದರೆ ಹ್ಯಾಂಡಲ್ ಅಲ್ಲಾಡಿಬಿಡುತ್ತದೆ.

ನಾನು: ನಿನ್ನಂಥವರೇ ಜಾಸ್ತಿ ಅಕ್ಕ. ಅಮೆರಿಕದ ಪೋರ್ಟ್‌ಲೆಂಡ್ ನಗರಾಡಳಿತದ ರೋಜರ್ ಗೆಲ್ಲರ್ 2006ರಲ್ಲಿ ಜನರನ್ನು ನಾಲ್ಕು ಗುಂಪು ಮಾಡಿದ್ದರು. ಆಸೆ ಇದ್ದೂ ಹೆದರುವವರೇ ಸುಮಾರು ಶೇ. 60 ಅಂತ ಅವರ ಅಂದಾಜು. ಆ ವಿಡಿಯೊದಲ್ಲಿ ಕಾಣದೆ ಇರುವವರು ಇವರೇ. ಇವರಿಗೆ ಗೆರೆ ಸಾಲದು, ನಡುವೆ ಗಟ್ಟಿ ಕಟ್ಟೆ ಬೇಕು.

ಚಿಕ್ಕಪ್ಪ: ಕಟ್ಟೆಗೆ ಜಾಗ ಎಲ್ಲಿದೆ? ಪಾರ್ಕಿಂಗ್ ಕಿತ್ತರೆ ಜಗಳ ಗ್ಯಾರಂಟಿ.

ನಾನು: ಜಗಳ ಆಗುತ್ತದೆ. ಸೆವಿಲ್‌ನಲ್ಲೂ ಸಾವಿರಾರು ಕಾರು ನಿಲ್ಲುವ ಜಾಗ ತೆಗೆದೇ ಟ್ರ್ಯಾಕ್ ಮಾಡಿದ್ದು. ಅದಕ್ಕೆ ಹೆದರಿದರೆ ಸರ್ಕಲ್‌ವರೆಗೆ ಬಂದು ನಿಲ್ಲುವ ಟ್ರ್ಯಾಕೇ ಗತಿ.

ಅಕ್ಕ: ನಮ್ಮ ಕಾರು ನಿಲ್ಲಿಸುವ ಜಾಗ ಹೋದರೂ ನನಗೆ ಒಪ್ಪಿಗೆ. ಕಟ್ಟೆ ಕಟ್ಟಲಿ.

ಭಾವ: ನನಗೆ ಒಪ್ಪಿಗೆ ಇಲ್ಲ.