ಸಹಾಯ ಬೇಕು: ತಳಿಗೆ ಯಾವ ಹೆಣ್ಣುಮರಿ ಉಳಿಸಿಕೊಳ್ಳಲಿ?

ಸೋಮವಾರಪೇಟೆ ಬಳಿ ನಮ್ಮದು ಸಣ್ಣ ಹಂದಿ ಸಾಕಣೆ. ಲಾರ್ಜ್ ವೈಟ್ ಯಾರ್ಕ್‌ಷೈರ್ ಹೆಣ್ಣುಮರಿಗಳಲ್ಲಿ ಒಂದನ್ನು ತಳಿಗೆ ಉಳಿಸಿಕೊಳ್ಳಬೇಕು. ಮೈತುಂಬಿಕೊಂಡು ಬೆಳೆದಿರುವುದಕ್ಕೆ 14 ಮೊಲೆತೊಟ್ಟುಗಳಿವೆ, ಆದರೆ ಹಿಂದಿನ ಜೋಡಿ ಒಳಕ್ಕೆ ಸರಿದಿದೆ. ಈ ದೋಷ ಮುಂದಿನ ಪೀಳಿಗೆಗೂ ಹರಿಯುತ್ತದೆ ಎಂಬುದೇ ಅಳುಕು. ಇನ್ನೊಂದಕ್ಕೆ 12 ತೊಟ್ಟು, ಎಲ್ಲವೂ ಸರಿಯಾಗಿವೆ. ಹಿಂಗಾಲು ಗಟ್ಟಿ, ನಡಿಗೆ ನೇರ. ಇದರ ತಾಯಿ ಮರಿಗಳನ್ನು ಮೈಕೆಳಗೆ ಹಾಕಿಕೊಂಡು ಸಾಯಿಸಿದ್ದು ಅಪರೂಪ. ನನ್ನ ಒಲವು ಇದರ ಕಡೆಗೇ. ಮನೆಯವರದು ಮೈಕಟ್ಟಿನ ಕಡೆಗೆ!

ಈಗಿರುವ ಗಂಡು ಇವೆರಡರ ತಂದೆ, ಹಾಗಾಗಿ ಬೇರೆ ಗಂಡು ಬೇಕು. ಮಾಂಸಕ್ಕಾದರೆ ಡ್ಯುರಾಕ್ ತಳಿಯ ಗಂಡು ಸರಿ. ಮುಂದಿನ ತಾಯಿಹಂದಿಗಳೂ ಇದರಲ್ಲೇ ಬರಬೇಕೆಂದರೆ ಲ್ಯಾಂಡ್‌ರೇಸ್ ತಳಿಯದು ಉತ್ತಮವೇ? ಈ ಎರಡೂ ತಳಿ ಸಾಕಿದವರು ಸೂಲಿಗೆ ಎಷ್ಟು ಮರಿ ಹಾಲು ಬಿಡುವವರೆಗೆ ಉಳಿದವು ಎಂದು ತಿಳಿಸಿ. ಹುಟ್ಟಿದ ಲೆಕ್ಕ ಬೇಡ.